ಕೋಡಿ ಎಂದರೆ ಓಎಸ್ ಅಲ್ಲ

‘ಮಿನಿ ಪಿಸಿಗೆ ಕೋಡಿ ಓಎಸ್ ಹಾಕಿಸಿದೆ.’ ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಮಿನಿ ಪಿಸಿ ಎಂದರೆ ಟಿವಿಗೆ ಜೋಡಿಸುವ ಪುಟ್ಟ ಕಂಪ್ಯೂಟರ್. ಓಎಸ್ ಎಂದರೆ ಆಪರೇಟಿಂಗ್ ಸಿಸ್ಟಮ್, ಕಂಪ್ಯೂಟರನ್ನೇ ನಡೆಸುವ ಮೂಲ ತಂತ್ರಾಂಶ. ಮೊನ್ನೆ ಯಾವುದೋ ಅಂಗಡಿಯ ವಾಟ್ಸಾಪ್ ಜಾಹೀರಾತಿನಲ್ಲೂ ಇತ್ತು: ‘ಕೋಡಿ ಓಎಸ್, ಎಲ್ಲಾ ಚಾನೆಲ್ ಫ್ರೀ’. ಒಂದೇ ಸಾಲಿನಲ್ಲಿ ಎರಡು ಸುಳ್ಳು. ಕೋಡಿ ಓಎಸ್ ಅಲ್ಲ. ಅದರ ಜೊತೆ ಯಾವ ಚಾನೆಲ್ಲೂ ಬರುವುದಿಲ್ಲ.

ಕೋಡಿ ವಿಡಿಯೋ, ಹಾಡು ಓಡಿಸುವ ಒಂದು ಪ್ಲೇಯರ್, ಅಷ್ಟೇ. 2002ರಲ್ಲಿ ಹುಟ್ಟಿದಾಗ ಹೆಸರು ಎಕ್ಸ್‌ಬಾಕ್ಸ್ ಮೀಡಿಯಾ ಪ್ಲೇಯರ್. ಮೈಕ್ರೋಸಾಫ್ಟ್‌ನ ಮೊದಲ ಎಕ್ಸ್‌ಬಾಕ್ಸ್ ಗೇಮ್ ಪೆಟ್ಟಿಗೆಗೆಂದು ಹವ್ಯಾಸಿಗಳು ಬರೆದದ್ದು. ಆಮೇಲೆ ಎಕ್ಸ್‌ಬಾಕ್ಸ್ ಮೀಡಿಯಾ ಸೆಂಟರ್, ಚಿಕ್ಕದಾಗಿ ಎಕ್ಸ್‌ಬಿಎಂಸಿ. ಎಕ್ಸ್‌ಬಾಕ್ಸನ್ನೇ ಬಿಟ್ಟು ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಓಎಸ್‌ಗಳಲ್ಲಿ ಓಡತೊಡಗಿದ ಮೇಲೂ ಆ ಹೆಸರು ಹಾಗೇ ಉಳಿದಿತ್ತು. ಕೋಡಿ ಆದದ್ದು 2014ರಲ್ಲಿ. ವಿಎಲ್‌ಸಿ ಕೂಡ ಇಂಥದ್ದೇ ಪ್ಲೇಯರ್; ಅದನ್ನು ಹಾಕಿದ ಕಂಪ್ಯೂಟರಿಗೆ ‘ವಿಎಲ್‌ಸಿ ಓಎಸ್’ ಅಂತ ಯಾರೂ ಹೇಳುವುದಿಲ್ಲ, ಅಲ್ವಾ?

ಗೊಂದಲದ ಮೂಲ ಲಿಬ್ರೆಎಲೆಕ್. ಇದು ನಿಜಕ್ಕೂ ಓಎಸ್. ಸ್ವಿಚ್ ಒತ್ತಿದರೆ ಡೆಸ್ಕ್‌ಟಾಪ್ ಕಾಣುವುದೇ ಇಲ್ಲ, ನೇರ ಕೋಡಿಯೇ ಬರುತ್ತದೆ. ಹಾಗಾಗಿ ಜನ ಮುಖ ನೋಡಿ ಹೆಸರಿಟ್ಟುಬಿಟ್ಟರು. ‘ಎಲೆಕ್’ ಅಂದರೆ ಕರೆಂಟಿಗೆ ಸಂಬಂಧಿಸಿದ್ದೂ ಅಲ್ಲ. ಎಂಬೆಡೆಡ್ ಲಿನಕ್ಸ್ ಎಂಟರ್‌ಟೈನ್‌ಮೆಂಟ್ ಸೆಂಟರ್. ಮೊದಲು ಓಪನ್‌ಎಲೆಕ್ ಇತ್ತು, 2016ರಲ್ಲಿ ತಂಡ ಒಡೆದು ಲಿಬ್ರೆಎಲೆಕ್ ಆಯಿತು. ಅಮ್‌ಲಾಜಿಕ್ ಕಂಪನಿಯ ಚಿಪ್ಪಿನ ಟಿವಿ ಪೆಟ್ಟಿಗೆಗಳಿಗೆ ಅದರದ್ದೇ ಕವಲು ಕೋರ್‌ಎಲೆಕ್.

ಹೆಸರು ಏನಾದರೇನು ಅನ್ನಬೇಡಿ. ವಿಡಿಯೋ ತಡೆದು ತಡೆದು ಓಡಿದರೆ ಜನ ಕೋಡಿಯನ್ನು ಅಳಿಸಿ ಮತ್ತೆ ಹಾಕುತ್ತಾರೆ. ಸುಮ್ನೆ ಸಮಯ ಹಾಳು. ವಿಡಿಯೋ ಬಿಡಿಸಿ ತೋರಿಸುವ ಚಿಪ್ಪಿನ ಭಾಗ ಡಿಕೋಡರ್. ಅದನ್ನು ಎಬ್ಬಿಸಬೇಕಾದ ಡ್ರೈವರ್ ಎಂಬ ತಂತ್ರಾಂಶ ಇರುವುದು ಓಎಸ್ಸಿನಲ್ಲಿ.

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹಳೇ ಯಕ್ಷಗಾನದ ವಿಸಿಡಿ, ಮದುವೆ ಡಿವಿಡಿಗಳನ್ನು ಹಾರ್ಡ್ ಡಿಸ್ಕಿಗೆ ತುಂಬಿಸಿಟ್ಟಿರುತ್ತಾರೆ. ವಿಸಿಡಿಯ ಡಿಎಟಿ, ಡಿವಿಡಿಯ ವಿಒಬಿ ಫೈಲುಗಳು. ಅದನ್ನು ನೋಡುವುದಷ್ಟೇ ಕೆಲಸವಾದರೆ ಕಣ್ಣುಮುಚ್ಚಿ ಲಿಬ್ರೆಎಲೆಕ್ ಹಾಕಿ. ಇನ್ನೊಂದು ಕಾರಣವೂ ಇದೆ. ಅದರ ಸಿಸ್ಟಮ್ ಭಾಗ ಓದಲಿಕ್ಕೆ ಮಾತ್ರ ಇರುವ ಒಂದೇ ಫೈಲು. ನಿಮ್ಮ ಸೆಟ್ಟಿಂಗ್‌ಗಳು ಡಿಸ್ಕಿನ ಬೇರೆ ಭಾಗದಲ್ಲಿ, ಅಂದರೆ ಬೇರೆ ಪಾರ್ಟಿಷನ್ನಿನಲ್ಲಿ. ಮಳೆಗಾಲದಲ್ಲಿ ಫಕ್ಕನೆ ಕರೆಂಟು ಹೋದರೆ ಸಿಸ್ಟಮ್ಮೇ ಕೆಡುವ ಭಯ ಕಡಿಮೆ. ವಿಂಡೋಸ್ ಆದರೆ ಕರೆಂಟು ಬಂದ ಮೇಲೆ ರಿಪೇರಿ, ಅಪ್ಡೇಟ್ ಅಂತ ಕೂರುತ್ತದೆ. ಅಷ್ಟರಲ್ಲಿ ಪ್ರಸಂಗ ನೋಡುವ ಉಮೇದೇ ಹೋಗಿರುತ್ತದೆ.

ನೆಟ್‌ಫ್ಲಿಕ್ಸ್‌ನಂಥ ಒಟಿಟಿ ಜಾಸ್ತಿ ನೋಡುವವರಿಗೆ ಲಿಬ್ರೆಎಲೆಕ್ ಬೇಡ. ಅವರಿಗೆ ಗೂಗಲ್ ಪ್ರಮಾಣೀಕರಿಸಿದ ಆಂಡ್ರಾಯ್ಡ್ ಟಿವಿ ಬೇಕು. ಫೋನಿನ ಆಂಡ್ರಾಯ್ಡನ್ನು ಪೆಟ್ಟಿಗೆಗೆ ತುರುಕಿ ‘ಆಂಡ್ರಾಯ್ಡ್ ಟಿವಿ’ ಅಂತ ಮಾರುವವರೂ ಇದ್ದಾರೆ. ಅಂಥ ಪೆಟ್ಟಿಗೆಗೆ ವೈಡ್‌ವೈನ್ ಎಲ್1 (ವಿಡಿಯೋ ಕದಿಯದಂತೆ ಕಾಯುವ ಗೂಗಲ್ ಬೀಗದ ಮೇಲಿನ ಮಟ್ಟ) ಇಲ್ಲದಿದ್ದರೆ ನೆಟ್‌ಫ್ಲಿಕ್ಸ್‌ನಲ್ಲಿ ಎಚ್‌ಡಿ ಸಿಗುವುದಿಲ್ಲ, ದೊಡ್ಡ ಟಿವಿಯಲ್ಲಿ ಮಸುಕು ಮಸುಕು.

ಟಿವಿ ರಿಮೋಟಿನಲ್ಲೇ ಎಲ್ಲ ನಡೆಯಬೇಕು ಅನ್ನುವವರು ಎಚ್‌ಡಿಎಂಐ-ಸಿಇಸಿ (ರಿಮೋಟಿನ ಆಜ್ಞೆಯನ್ನು ಟಿವಿಯಿಂದ ಎಚ್‌ಡಿಎಂಐ ಕೇಬಲಿನಲ್ಲೇ ಪೆಟ್ಟಿಗೆಗೆ ದಾಟಿಸುವ ವ್ಯವಸ್ಥೆ) ಇದೆಯೇ ಅಂತ ಕೊಳ್ಳುವ ಮೊದಲೇ ಕೇಳಿ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಇದೆ. ಹೆಚ್ಚಿನ ಮಿನಿ ಪಿಸಿಗಳಲ್ಲಿ ಇರುವುದಿಲ್ಲ, ಓಎಸ್ ಬದಲಿಸಿದರೂ ಬರುವುದಿಲ್ಲ. ಅದಕ್ಕೂ ಕೋಡಿಯನ್ನು ಬೈಯಬೇಡಿ.