ದೊಗಳೆ ಜಾಕೆಟ್ ತಾನೇ, ಸ್ಯಾಂಪಲ್ ಯಾಕೆ?

ಪ್ರಶ್ನೆ: ಗಾರ್ಟರ್ ಸ್ಟಿಚ್‌ನಲ್ಲಿ, ಅಂದರೆ ಎಲ್ಲಾ ಸಾಲೂ ಬರೀ ನಿಟ್ (ಸಾದಾ) ಹೆಣಿಗೆಯಲ್ಲಿ, ಒಂದು ದೊಗಳೆ ಜಾಕೆಟ್ ಹೆಣೆಯಬೇಕು ಅಂತಿದ್ದೇನೆ. ಎಷ್ಟು ಉಲ್ಲನ್ ತರಲಿ? ಹೇಗೂ ಲೂಸಾಗಿರೋದು, ಸ್ಯಾಂಪಲ್ ಹಾಕದಿದ್ದರೂ ನಡೆಯುತ್ತೆ ಅಲ್ವಾ?

ನಡೆಯೋದಿಲ್ಲ. ಸ್ಯಾಂಪಲ್ ಅಂದರೆ ಅಳತೆ ನೋಡೋದಕ್ಕೆ ಅದೇ ದಾರ, ಅದೇ ಕಡ್ಡಿಯಲ್ಲಿ ಮೊದಲು ಹೆಣೆಯುವ ಸಣ್ಣ ಚೌಕ. ಚಳಿ ಶುರುವಾಗುವ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ, ನಾನೂ ಇದನ್ನೇ ಹೇಳುತ್ತೇನೆ, ಆದರೂ ಮುಕ್ಕಾಲು ಜನ ಸ್ಯಾಂಪಲ್ ಹಾಕೋದಿಲ್ಲ. ಹಾಗಾಗಿ ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಪ್ಯಾಟರ್ನ್‌ನಲ್ಲಿ (ಹೇಗೆ ಹೆಣೆಯಬೇಕು ಅನ್ನುವ ಬರಹದಲ್ಲಿ) 10 ಸೆಂ.ಮೀ.ಗೆ 14 ಸ್ಟಿಚ್ ಅಂತ ಇದೆ ಅಂದುಕೊಳ್ಳಿ. ಜಾಕೆಟ್ ಸುತ್ತಳತೆ 120 ಸೆಂ.ಮೀ., ಅಂದರೆ 168 ಸ್ಟಿಚ್. ನಿಮ್ಮ ಕೈ ಸ್ವಲ್ಪ ಸಡಿಲವಾಗಿ 10 ಸೆಂ.ಮೀ.ಗೆ 12 ಸ್ಟಿಚ್ ಬಂತು. ಎರಡೇ ಸ್ಟಿಚ್ ವ್ಯತ್ಯಾಸ, ಆದರೆ ಅದೇ 168 ಸ್ಟಿಚ್ ಈಗ 140 ಸೆಂ.ಮೀ. ಆಯಿತು. ಉದ್ದವೂ ಸುಮ್ಮನಿರುವುದಿಲ್ಲ, 70 ಇರಬೇಕಾದದ್ದು 82ರ ಹತ್ತಿರ ಹೋಗುತ್ತದೆ. ಕೈ ಬಿಗಿಯಾಗಿ 16 ಬಂತೋ, ಸುತ್ತಳತೆ 105ಕ್ಕೆ ಇಳಿಯಿತು. ನಿಮ್ಮ ಎದೆಯಳತೆ 96 ಇದ್ದರೆ ಅದು ಮಾಮೂಲಿ ಜಾಕೆಟ್. ದೊಗಳೆ ಎಲ್ಲಿ ಉಳಿಯಿತು? ದೊಗಳೆ ಅಂದರೆ ಅಳತೆ ಇಲ್ಲ ಅಂತಲ್ಲ. ಎಷ್ಟು ದೊಗಳೆ ಅನ್ನೋದೂ ಒಂದು ಅಳತೆಯೇ.

ಇಷ್ಟು ಹೇಳಿದರೂ "ನಿಟ್ ಬಿಟ್ಟರೆ ಬೇರೇನೂ ಇಲ್ವಲ್ಲ ಮೇಡಂ, ಗಾರ್ಟರ್ ತಾನೇ" ಅನ್ನುವವರಿದ್ದಾರೆ. ಹೆಸರಾಂತ ನಿಟ್ಟಿಂಗ್ ಗುರು ಎಲಿಜಬೆತ್ ಝಿಮ್ಮರ್‌ಮನ್ 1968ರಲ್ಲಿ ಮಕ್ಕಳಿಗೆ ಒಂದು ಗಾರ್ಟರ್ ಜಾಕೆಟ್ ಮಾಡಿದರು. ಒಂದೇ ತುಂಡಾಗಿ ಹೆಣೆದು, ಮಡಚಿ, ಭುಜ ಹೊಲಿದರೆ ಆಯಿತು. ಶುರು ಮಾಡುವುದು 160 ಸ್ಟಿಚ್‌ನಿಂದ. ದೊಡ್ಡ ಮಗುವಿಗೆ ಬೇಕಾದರೂ ಅದೇ 160 ಸ್ಟಿಚ್, ದಾರವನ್ನೂ ಕಡ್ಡಿಯನ್ನೂ ದಪ್ಪ ಮಾಡಿದರೆ ಸಾಕು. ದಾರ, ಕಡ್ಡಿ ಬದಲಾದರೆ ಅಳತೆ ಎಷ್ಟು ಬದಲಾಗುತ್ತದೆ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು?

ಕಡ್ಡಿಯ ನಂಬರ್ ಬೇರೆ ಒಂದು ತಲೆನೋವು. ಅಮೆರಿಕದ ಪ್ಯಾಟರ್ನ್‌ನಲ್ಲಿ 8 ನಂಬರ್ ಅಂದರೆ 5 ಮಿ.ಮೀ. ಹಳೇ ಇಂಗ್ಲಿಷ್ ಲೆಕ್ಕದಲ್ಲಿ ಅದೇ 8 ಅಂದರೆ 4 ಮಿ.ಮೀ. ಅಮೆರಿಕದ ಲೆಕ್ಕದಲ್ಲಿ ನಂಬರ್ ಏರಿದರೆ ಕಡ್ಡಿ ದಪ್ಪ, ಹಳೇ ಇಂಗ್ಲಿಷ್ ಲೆಕ್ಕದಲ್ಲಿ ಸಣ್ಣ. ಅಂಗಡಿಯಲ್ಲಿ ಮಿ.ಮೀ. ಹೇಳಿಯೇ ಕೇಳಿ.

ಇನ್ನು ಸ್ಯಾಂಪಲ್. 15 ಸೆಂ.ಮೀ. ಚೌಕ ಇರಲಿ, ಅಂಚು ಬಿಟ್ಟು ನಡುವಿನ 10 ಸೆಂ.ಮೀ. ಮಾತ್ರ ಅಳೆಯಿರಿ. ಗಾರ್ಟರ್‌ನಲ್ಲಿ ಎದ್ದು ಕಾಣುವ ಒಂದೊಂದು ಏಣು ಅಂದರೆ ಎರಡು ಸಾಲು. ಪ್ಯಾಟರ್ನ್ 28 ಸಾಲು ಅಂದಾಗ 28 ಏಣು ಎಣಿಸಿದರೆ ಉದ್ದ ಎರಡರಷ್ಟಾಗುತ್ತದೆ. ಅಳೆದ ಮೇಲೆ ಸ್ಯಾಂಪಲ್ ಒಗೆದು ಒಣಗಿಸಿ. ಆಮೇಲೆ ಕೆಳಗಡೆ ನಾಲ್ಕೈದು ಬಟ್ಟೆ ಕ್ಲಿಪ್ ಸಿಕ್ಕಿಸಿ ಒಂದು ರಾತ್ರಿ ನೇತುಹಾಕಿ, ಮತ್ತೆ ಅಳೆಯಿರಿ. ಗಾರ್ಟರ್ ತನ್ನ ಭಾರಕ್ಕೇ ಉದ್ದಕ್ಕೆ ಜಗ್ಗುತ್ತದೆ. ದೊಡ್ಡ ಜಾಕೆಟ್ ಆದರೆ ಕೇಳಲೇಬೇಡಿ.

ಈಗ ಉಲ್ಲನ್ ಲೆಕ್ಕ. ಆ ಚೌಕವನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಇಡಿ. 16 ಗ್ರಾಂ ಬಂತು ಅನ್ನಿ. ಚೌಕ 225 ಚದರ ಸೆಂ.ಮೀ. ಜಾಕೆಟ್‌ನ ಮೈ 120 ಗುಣಿಸು 70, ಅಂದರೆ 8,400. ತೋಳು ಎರಡಕ್ಕೂ ಸೇರಿ ಸುಮಾರು 3,600. ಒಟ್ಟು 12,000. 225ರಿಂದ ಭಾಗಿಸಿ, 16ರಿಂದ ಗುಣಿಸಿದರೆ 850 ಗ್ರಾಂ ಚಿಲ್ಲರೆ. ನೂರು ಗ್ರಾಂ ಉಂಡೆ 10 ತನ್ನಿ. ಎಲ್ಲವೂ ಒಂದೇ ಡೈ ಲಾಟ್ (ಒಂದೇ ಸಲಕ್ಕೆ ಬಣ್ಣ ಹಾಕಿದ್ದು) ಇರಲಿ. ಕಡಿಮೆ ಬಿತ್ತು ಅಂತ ತಿಂಗಳು ಬಿಟ್ಟು ಹೋದರೆ ಅದೇ ಬಣ್ಣ ಸಿಗುವ ಭರವಸೆ ಇಲ್ಲ. ಒಂದು ತೋಳು ಒಂದು ಶೇಡ್, ಇನ್ನೊಂದು ಇನ್ನೊಂದು ಶೇಡ್ ಆಗುತ್ತದೆ.

ತೋಳು ಅಂದಾಗ ನೆನಪಾಯಿತು. ಯಾರೂ ಕೇಳೋದಿಲ್ಲ, ಆದರೆ ಎಲ್ಲರೂ ಎಡವುವುದು ಇಲ್ಲೇ. ದೊಗಳೆ ಜಾಕೆಟ್‌ನ ಭುಜ ನಿಮ್ಮ ಭುಜದಲ್ಲಿ ನಿಲ್ಲುವುದಿಲ್ಲ, ಕೈಮೇಲೆ ಇಳಿಯುತ್ತದೆ. ಮಾಮೂಲಿ ಸ್ವೆಟರ್‌ನ ತೋಳಿನುದ್ದ ಹಾಕಿದರೆ ಬೆರಳು ಮುಚ್ಚಿಹೋಗುತ್ತದೆ. ಕತ್ತಿನ ಹಿಂಭಾಗದ ನಡುವಿನಿಂದ ಭುಜದ ಮೇಲೆ ಮಣಿಕಟ್ಟಿನವರೆಗೆ ಟೇಪ್ ಹಿಡಿಯಿರಿ. 75 ಸೆಂ.ಮೀ. ಬಂದರೆ, ಬೆನ್ನಿನ ಅಗಲ 60ರಲ್ಲಿ ಅರ್ಧ, ಅಂದರೆ 30 ಕಳೆಯಿರಿ. ತೋಳು 45 ಸಾಕು. ಜಗ್ಗುತ್ತದಲ್ಲ, ಅದಕ್ಕೆ ಇನ್ನೂ ಎರಡು ಸೆಂ.ಮೀ. ಕಡಿಮೆಯೇ ಇರಲಿ. ತೋಳನ್ನು ಭುಜದಿಂದ ಕೆಳಕ್ಕೆ ಹೆಣೆಯಿರಿ. ಗಿಡ್ಡ ಅನ್ನಿಸಿದರೆ ಮಣಿಕಟ್ಟಿನ ಕಡೆ ಬಿಚ್ಚಿ ನಾಲ್ಕು ಸಾಲು ಸೇರಿಸಿದರಾಯಿತು.