28 ಸೆಕೆಂಡಿನ ಕತೆ ಗೊತ್ತು, ಆ ಸಂಖ್ಯೆ ಗೊತ್ತಾ?

1980ರ ಜೂನ್ 18, ಲಂಡನ್‌ನ ಇಂಪೀರಿಯಲ್ ಕಾಲೇಜು. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರ ಮುಂದೆ 13 ಅಂಕಿಗಳ ಎರಡು ಸಂಖ್ಯೆ ಇಟ್ಟರು: 76,86,36,97,74,870 ಮತ್ತು 24,65,09,97,45,779. ಆರಿಸಿದ್ದು ಅಲ್ಲಿನ ಕಂಪ್ಯೂಟರ್ ವಿಭಾಗದವರು. ಎರಡನ್ನೂ ಗುಣಿಸಿ ಶಕುಂತಲಾ ದೇವಿ 28 ಸೆಕೆಂಡಿನಲ್ಲಿ ಉತ್ತರ ಕೊಟ್ಟರು:

1,89,47,66,81,77,99,54,26,46,27,73,730

ಆ 28 ಸೆಕೆಂಡನ್ನು ನಮ್ಮ ಊರು ಈಗಲೂ ಹೆಮ್ಮೆಯಿಂದ ನೆನೆಯುತ್ತದೆ. ಉತ್ತರವನ್ನು ಮಾತ್ರ ಯಾರೂ ನಿಂತು ನೋಡುವುದಿಲ್ಲ. ನನಗೆ ಅದೇ ಬೇಜಾರು.

ಮೊದಲು ಇದನ್ನು ಓದುವುದು ಹೇಗೆ? ಲಕ್ಷ ಕೋಟಿ ತನಕ ಬಜೆಟ್ ಸುದ್ದಿಯಲ್ಲಿ ಕೇಳಿದ್ದೇವೆ, ಅಲ್ವಾ? ಇದು ಅದನ್ನು ಎಷ್ಟೋ ದಾಟಿದ್ದು, 26 ಅಂಕಿ. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ತಮ್ಮ 'ಗಣಿತಸಾರಸಂಗ್ರಹ'ದಲ್ಲಿ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದರು. ಏಕದಿಂದ ಶುರುವಾಗಿ ಕೊನೆಯದು ಮಹಾಕ್ಷೋಭ, ಅಂದರೆ 1ರ ಮುಂದೆ 23 ಸೊನ್ನೆ. ಆ ಲೆಕ್ಕದಲ್ಲಿ ನಮ್ಮ ಸಂಖ್ಯೆ 189 ಮಹಾಕ್ಷೋಭಕ್ಕಿಂತ ತುಸು ಜಾಸ್ತಿ. ನಮ್ಮ ನಾಡಿನ ಹಳೆಯ ಪದವೊಂದು ಇಲ್ಲಿ ಕೆಲಸಕ್ಕೆ ಬಂತು ಅನ್ನುವುದೇ ಒಂದು ಖುಷಿ.

ಇನ್ನು ಗುಣ. ಕೊನೆಗೆ ಸೊನ್ನೆ ಇದೆ, ಹಾಗಾಗಿ 2 ಮತ್ತು 5ರಿಂದ ಭಾಗ ಹೋಗುತ್ತದೆ. ಅಂಕಿಗಳನ್ನೆಲ್ಲ ಕೂಡಿದರೆ 138. ಅಂದರೆ 3ರಿಂದ ಹೋಗುತ್ತದೆ, 9ರಿಂದ ಹೋಗುವುದಿಲ್ಲ. ಒಂದು ಬಿಟ್ಟು ಒಂದು ಅಂಕಿ ಕೂಡಿ ನೋಡಿ: ಒಂದು ಸಾಲು 69, ಇನ್ನೊಂದು ಸಾಲೂ 69! ಎರಡೂ ಸಮ ಬಂದರೆ 11ರಿಂದ ಭಾಗ ಹೋಗಲೇಬೇಕು. ಪೆನ್ನು, ಪೇಪರ್ ಇದ್ದರೆ ಐದನೇ ಕ್ಲಾಸಿನ ಮಗುವೂ ಇಷ್ಟನ್ನು ಕಂಡುಹಿಡಿಯಬಹುದು.

ಸಂಖ್ಯೆಗಳನ್ನು ಅವುಗಳ ಭಾಜಕಗಳ ಮೊತ್ತ ನೋಡಿ ವಿಂಗಡಿಸುವ ಪದ್ಧತಿ ಸುಮಾರು 1,900 ವರ್ಷ ಹಳೆಯದು. ಗ್ರೀಕ್ ಗಣಿತಜ್ಞ ನಿಕೋಮೇಕಸ್ ಅದನ್ನು ಬರೆದಿಟ್ಟ. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ಸಂಖ್ಯೆಗೆ ಸಮವಾದರೆ ಅದು ಪರಿಪೂರ್ಣ, ಕಡಿಮೆಯಾದರೆ ಕೊರತೆಯದು, ಹೆಚ್ಚಾದರೆ ಸಮೃದ್ಧ. ನಮ್ಮದು 6ರಿಂದ ಭಾಗ ಹೋಗುವ ಸಂಖ್ಯೆ. ಅದರ ಅರ್ಧ, ಮೂರನೇ ಒಂದು, ಆರನೇ ಒಂದು ಪಾಲು ಕೂಡಿದರೇ ಇಡೀ ಸಂಖ್ಯೆ ಬಂದುಬಿಡುತ್ತದೆ. ಮೇಲೆ 1 ಇದೆ, ಬೇರೆ ಭಾಜಕಗಳೂ ಇವೆ. ಹಾಗಾಗಿ ಇದು ಸಮೃದ್ಧ.

ನನಗೆ ಜಾಸ್ತಿ ಇಷ್ಟವಾಗುವುದು ವರ್ಗಗಳ ಪ್ರಶ್ನೆ. ವರ್ಗ ಅಂದರೆ ಒಂದು ಪೂರ್ಣ ಸಂಖ್ಯೆಯನ್ನು ಅದರಿಂದಲೇ ಗುಣಿಸಿದಾಗ ಬರುವುದು, 3×3=9ರ ಹಾಗೆ. ಯಾವ ವರ್ಗವನ್ನೇ 4ರಿಂದ ಭಾಗಿಸಿ, ಉಳಿಯುವುದು 0 ಇಲ್ಲವೇ 1. ಇಲ್ಲಿ 2 ಉಳಿಯುತ್ತದೆ, ಆದ್ದರಿಂದ ಇದು ವರ್ಗವಲ್ಲ. ಎರಡು ವರ್ಗಗಳ ಮೊತ್ತವೇ? ಅಂಥ ಮೊತ್ತ 3ರಿಂದ ಭಾಗ ಹೋದರೆ 9ರಿಂದಲೂ ಹೋಗಬೇಕು. ಇದು ಹೋಗುವುದಿಲ್ಲ, ಅದೂ ಅಲ್ಲ. 17ನೇ ಶತಮಾನದಲ್ಲಿ ಫ್ರೆಂಚ್ ಗಣಿತಜ್ಞ ಫರ್ಮಾ ತಲೆಕೆಡಿಸಿಕೊಂಡಿದ್ದು ಇಂಥ ಪ್ರಶ್ನೆಗಳಿಗೇ. ಯಾವ ಸಂಖ್ಯೆಗೂ ನಾಲ್ಕು ವರ್ಗ ಸಾಕು ಎಂದು 1770ರಲ್ಲಿ ಗಣಿತಜ್ಞ ಲಗ್ರಾಂಜ್ ಸಾಧಿಸಿದರು. ಸಮಸಂಖ್ಯೆಯಾಗಿದ್ದು 4ರಿಂದ ಭಾಗ ಹೋಗದಿದ್ದರೆ ಮೂರೇ ಸಾಕು ಎಂಬುದು ಆಮೇಲೆ ಸಾಬೀತಾಯಿತು. ಶಕುಂತಲಾ ದೇವಿಯವರ ಉತ್ತರ ಸರಿಯಾಗಿ ಆ ಗುಂಪಿನದು.