ಪದ ಪರಿಚಯ: ಡಂಪಿಂಗ್ ಸಿಂಡ್ರೋಮ್

ಡಂಪಿಂಗ್ ಎಂದರೆ ಸುರಿದುಬಿಡುವುದು. ಟಿಪ್ಪರ್ ಲಾರಿ ಹಿಂಬದಿ ಎತ್ತಿ ಜಲ್ಲಿ ಸುರಿಯುತ್ತದಲ್ಲ, ಅದೇ ಪದ. ತಿಂದದ್ದು ಜಠರದಲ್ಲಿ ನಿಲ್ಲದೆ ಒಮ್ಮೆಲೇ ಸಣ್ಣ ಕರುಳಿಗೆ ಇಳಿದಾಗ ಆಗುವ ತೊಂದರೆಗಳಿಗೆಲ್ಲ ಸೇರಿ ಡಂಪಿಂಗ್ ಸಿಂಡ್ರೋಮ್ ಎಂದು ಹೆಸರು. ಇಂದು ಈ ಮಾತು ಹೆಚ್ಚಾಗಿ ಕೇಳಿಬರುವುದು ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಬಾಯಲ್ಲಿ. ಆದರೆ ಪದ ಅದಕ್ಕಿಂತ ಹಳೆಯದು. ಹೊಟ್ಟೆಹುಣ್ಣಿಗೆಂದು ಜಠರವನ್ನು ನೇರವಾಗಿ ಕರುಳಿಗೆ ಜೋಡಿಸುತ್ತಿದ್ದ ಕಾಲದಲ್ಲಿ, 1913ರಲ್ಲಿ, ಇಂಗ್ಲೆಂಡಿನ ವೈದ್ಯ ಆರ್ಥರ್ ಹರ್ಟ್ಜ್ ಈ ತೊಂದರೆಯನ್ನು ವಿವರಿಸಿದ್ದರು. 1922ರಲ್ಲಿ ಮಿಕ್ಸ್ ಎಂಬ ವೈದ್ಯರು ಇದಕ್ಕೆ ಡಂಪಿಂಗ್ ಎಂಬ ಹೆಸರನ್ನು ಬಳಸಿದರು. ತೂಕಕ್ಕಾಗಿ ಜಠರದ ಬೈಪಾಸ್ ಬಂದದ್ದು ಆಮೇಲೆ, 1966ರಲ್ಲಿ, ಅಮೆರಿಕದ ಎಡ್ವರ್ಡ್ ಮೇಸನ್ ಅವರಿಂದ.

ಉತ್ತರ ಕನ್ನಡದವರು ಈ ಶಸ್ತ್ರಚಿಕಿತ್ಸೆಗೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಗೋವಾ ಕಡೆ ಹೋಗಿ ಮಾಡಿಸಿಕೊಂಡು ಬರುತ್ತಾರೆ. ತೊಂದರೆ ಕಾಣಿಸಿಕೊಳ್ಳುವುದು ಮನೆಗೆ ಬಂದ ಮೇಲೆ, ಕೆಲವೊಮ್ಮೆ ವರ್ಷ ಕಳೆದ ಮೇಲೆ. ಆಗ ಎದುರಿಗಿರುವುದು ಮನೆಯವರು, ಊರಿನ ದವಾಖಾನೆ. ಅಲ್ಲಿ ಈ ಪದ ಎರಡು ಬಗೆಯಲ್ಲಿ ದಾರಿ ತಪ್ಪಿಸುತ್ತದೆ. ಗೊತ್ತಿಲ್ಲದವರು ನಿಜವಾದ ಡಂಪಿಂಗನ್ನು ‘ಬಿಪಿ ಲೋ’, ‘ನಿತ್ರಾಣ’ ಎಂದು ತಿಳಿದು ಶರಬತ್ತು ಕುಡಿಸುತ್ತಾರೆ. ಗೊತ್ತಿದ್ದವರು ಹೊಟ್ಟೆಯಲ್ಲಿ ಏನೇ ಆದರೂ ‘ಡಂಪಿಂಗ್ ಇರಬೇಕು, ಮಲಗು’ ಎನ್ನುತ್ತಾರೆ. ಎರಡನೆಯದು ಹೆಚ್ಚು ಅಪಾಯ. ಎರಡರಿಂದಲೂ ಪಾರಾಗಲು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ತಿಂದು ಎಷ್ಟು ಹೊತ್ತಾಯಿತು?

ಜಠರದ ಕೊನೆಯಲ್ಲಿ ಪೈಲೋರಸ್ ಎಂಬ ಸ್ನಾಯುವಿನ ಬಾಗಿಲಿದೆ. ಅಘನಾಶಿನಿ ದಂಡೆಯ ಗಜನಿ ಗದ್ದೆಗಳ ಕಟ್ಟಿನಲ್ಲಿ ಜಂತ್ರಡಿ ಇರುತ್ತದಲ್ಲ, ಬೇಕಾದಷ್ಟೇ ನೀರು ಬಿಡಲು, ಹಾಗೆ. ಜಠರ ಅನ್ನವನ್ನು ಅರೆದು ತೆಳ್ಳಗೆ ಮಾಡಿದ ಮೇಲೆ ಈ ಬಾಗಿಲು ಸ್ವಲ್ಪ ಸ್ವಲ್ಪವೇ ಕರುಳಿಗೆ ಬಿಡುತ್ತದೆ. ರೂ-ಎನ್-ವೈ ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಸಣ್ಣ ಚೀಲವನ್ನಷ್ಟೇ ಉಳಿಸಿ, ಅದಕ್ಕೆ ಸಣ್ಣ ಕರುಳನ್ನು ನೇರವಾಗಿ ಹೊಲಿಯುತ್ತಾರೆ. ಪೈಲೋರಸ್ ದಾರಿಯಿಂದ ಪೂರ್ತಿ ಹೊರಗುಳಿಯುತ್ತದೆ. ಮಿನಿ ಬೈಪಾಸ್‌ನಲ್ಲೂ ಹಾಗೆಯೇ. ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಬಾಗಿಲು ಉಳಿಯುತ್ತದೆ, ಆದರೆ ಜಠರ ಕಿರಿದಾದ ಕೊಳವೆಯಂತಾಗಿ ಬೇಗ ಖಾಲಿಯಾಗುತ್ತದೆ. ಆದ್ದರಿಂದ ‘ನನ್ನದು ಸ್ಲೀವ್, ಡಂಪಿಂಗ್ ಆಗುವುದಿಲ್ಲ’ ಎಂಬ ಮಾತು ಸರಿಯಲ್ಲ. ಬೈಪಾಸ್‌ಗಿಂತ ಕಡಿಮೆ ಎನ್ನಬಹುದು, ಅಷ್ಟೆ.

ಬೇಗ ಇಳಿದರೆ ಏನಾಗುತ್ತದೆ? ಅಪ್ಪೆಮಿಡಿಗೆ ಉಪ್ಪು ಹಾಕಿಟ್ಟವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಭರಣಿಯಲ್ಲಿ ಮಿಡಿ, ಉಪ್ಪು ಪದರಪದರವಾಗಿ ಹಾಕಿಟ್ಟರೆ ಉಪ್ಪು ಮಿಡಿಯೊಳಗಿನ ನೀರನ್ನು ಎಳೆದುಕೊಂಡು, ಮಿಡಿ ಸುಕ್ಕಾಗಿ, ಭರಣಿ ತುಂಬ ನೀರಾಗುತ್ತದೆ. ಅರೆಯದ, ಸಿಹಿ ಗಾಢವಾಗಿರುವ ಆಹಾರ ಕರುಳಿಗೆ ಒಮ್ಮೆಲೇ ಬಿದ್ದರೂ ಹೀಗೆಯೇ: ಅದು ರಕ್ತನಾಳಗಳಿಂದ ನೀರನ್ನು ಕರುಳೊಳಗೆ ಎಳೆಯುತ್ತದೆ. ಕರುಳು ಉಬ್ಬಿ ಗುಡುಗುಡು ಎನ್ನುತ್ತದೆ, ನುಲಿಯುತ್ತದೆ, ಭೇದಿಯಾಗುತ್ತದೆ. ಇತ್ತ ರಕ್ತನಾಳದಲ್ಲಿ ದ್ರವ ಕಡಿಮೆಯಾಗಿ ಎದೆ ಡವಡವ ಹೊಡೆದುಕೊಳ್ಳುತ್ತದೆ, ಮುಖ ಬಿಸಿಯಾಗುತ್ತದೆ, ತಲೆ ತಿರುಗುತ್ತದೆ, ಮಲಗದೆ ಇರಲಾಗುವುದಿಲ್ಲ. ಕರುಳು ಸ್ರವಿಸುವ ಹಾರ್ಮೋನುಗಳೂ ಇದಕ್ಕೆ ಕೈಗೂಡಿಸುತ್ತವೆ. ಇದು ಬೇಗ ಬರುವ ಡಂಪಿಂಗ್. ಊಟವಾದ 10ರಿಂದ 30 ನಿಮಿಷದಲ್ಲಿ ಶುರು, ಹೆಚ್ಚೆಂದರೆ ಒಂದು ಗಂಟೆಯೊಳಗೆ.

ತಡವಾಗಿ ಬರುವ ಡಂಪಿಂಗ್ ಬೇರೆಯೇ ವಿಷಯ. ಸಕ್ಕರೆ ಬೇಗ ಹೀರಿಕೊಂಡು ರಕ್ತದಲ್ಲಿ ಗ್ಲೂಕೋಸ್ ಏಕಾಏಕಿ ಏರುತ್ತದೆ. ಕರುಳಿನ ಜಿಎಲ್‌ಪಿ-1 ಹಾರ್ಮೋನ್ ಅತಿಯಾಗಿ ಹೊರಬಂದು, ಮೇದೋಜೀರಕ ಗ್ರಂಥಿ ಬೇಕಾದ್ದಕ್ಕಿಂತ ಹೆಚ್ಚು ಇನ್ಸುಲಿನ್ ಬಿಡುತ್ತದೆ. ಸಕ್ಕರೆ ಖಾಲಿಯಾದ ಮೇಲೂ ಇನ್ಸುಲಿನ್ ಉಳಿದಿರುತ್ತದೆ. ಹೀಗಾಗಿ ತಿಂದ 1ರಿಂದ 3 ಗಂಟೆಯ ನಡುವೆ ಗ್ಲೂಕೋಸ್ ಕುಸಿದು ಬೆವರು, ಕೈನಡುಕ, ತಡೆಯಲಾಗದ ಹಸಿವು, ಮಂಕು, ಕೆಲವರಲ್ಲಿ ಪ್ರಜ್ಞೆ ತಪ್ಪುವುದು. ಇದು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯಾಗಿ ಒಂದು ವರ್ಷ ದಾಟಿದ ಮೇಲೆ ತಲೆಯೆತ್ತುತ್ತದೆ. ಆಗ ಯಾರಿಗೂ ಶಸ್ತ್ರಚಿಕಿತ್ಸೆಯ ನೆನಪೇ ಆಗುವುದಿಲ್ಲ. ಬೈಕ್ ಓಡಿಸುವವರು, ದೋಣಿಗೆ ಹೋಗುವವರು, ಅಡಿಕೆ ಮರ ಹತ್ತುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಲೇಬಾರದು.

ಶಿರಸಿ, ಸಿದ್ದಾಪುರದ ಕಡೆ ಆಲೆಮನೆ ಹೊತ್ತಿನಲ್ಲಿ ಇವೆರಡೂ ಒಂದೇ ಲೋಟದಲ್ಲಿ ಸಿಗುತ್ತವೆ. ಖಾಲಿ ಹೊಟ್ಟೆಗೆ ಕಬ್ಬಿನ ಹಾಲು ಎಂದರೆ ಅಗಿಯಬೇಕಾಗಿಲ್ಲದ, ತಡೆಯಿಲ್ಲದೆ ಇಳಿಯುವ ಸಕ್ಕರೆ. ‘ಒಂದ್ ಲೋಟ ಕುಡಿ, ಎಂತೂ ಆಗ್ತಿಲ್ಲೆ’ ಎಂಬ ಪ್ರೀತಿಯ ಒತ್ತಾಯಕ್ಕೆ ಕುಡಿದವರು ಕಾಲು ಗಂಟೆಯಲ್ಲಿ ಹೊಟ್ಟೆ ಹಿಡಿದುಕೊಂಡು, ಎರಡು ಗಂಟೆಗೆ ಬೆವತು ಕುಳಿತಿರಬಹುದು. ತೆಳ್ಳೇವಿಗೆ ಜೋನಿಬೆಲ್ಲ, ಹಬ್ಬದ ಪಾಯಸ, ಸಕ್ಕರೆ ಹಾಕಿದ ಮುರುಗಲು ಶರಬತ್ತು ಇವೂ ಅದೇ ಸಾಲಿನವು. ಬೆಲ್ಲ ‘ತಂಪು’, ‘ನೈಸರ್ಗಿಕ’ ಎಂಬುದು ಕರುಳಿಗೆ ತಿಳಿಯುವುದಿಲ್ಲ, ಅದಕ್ಕೆ ಅದು ಸಕ್ಕರೆಯೇ. ಕರಾವಳಿಯ ಗಂಜಿಯೂ ಕೆಲವರಿಗೆ ಒಗ್ಗುವುದಿಲ್ಲ. ಬೆಂದು ಕರಗಿದ ಅನ್ನ ಮತ್ತು ತಿಳಿ ಒಟ್ಟಿಗೆ ಇರುವುದರಿಂದ ಅದು ನೀರಿನ ಜೊತೆಯೇ ಜಾರಿಹೋಗುತ್ತದೆ.

ಮನೆಯಲ್ಲಿ ಮಾಡಬೇಕಾದದ್ದೂ ಹೊತ್ತನ್ನು ನೋಡಿಯೇ. ತಿಂದ ಅರ್ಧ ಗಂಟೆಯಲ್ಲಿ ಎದೆಬಡಿತ, ನುಲಿತ ಬಂದರೆ ಮಲಗಿಸಿ, ಅರ್ಧ ಗಂಟೆ ಹಾಗೆಯೇ ಇರಲಿ. ಲಿಂಬು ಶರಬತ್ತು, ಎಳನೀರು, ಗ್ಲೂಕೋಸ್ ಪುಡಿ ಯಾವುದೂ ಬೇಡ. ಸಕ್ಕರೆ ನೀರು ಹಾಕಿದರೆ ಭರಣಿಗೆ ಇನ್ನಷ್ಟು ಉಪ್ಪು ಹಾಕಿದ ಹಾಗೆ. ತಿಂದು ಎರಡು ಗಂಟೆಯಾದ ಮೇಲೆ ಬೆವರು, ನಡುಕ ಬಂದರೆ ಮೊದಲು ಗ್ಲೂಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಸುಮಾರು 15 ಗ್ರಾಂ, ಅಂದರೆ ಮೂರು ಸಣ್ಣ ಚಮಚ ಸಕ್ಕರೆಯನ್ನು ನೀರಲ್ಲಿ ಕರಗಿಸಿ ಕೊಟ್ಟು, 15 ನಿಮಿಷಕ್ಕೆ ಮತ್ತೆ ನೋಡಬೇಕು. ಸರಿಹೋದ ಕೂಡಲೇ ಒಂದು ಮೊಟ್ಟೆ, ಹಿಡಿ ಶೇಂಗಾ ಅಥವಾ ಸ್ವಲ್ಪ ಮೊಸರು ತಿನ್ನಬೇಕು. ಹೆದರಿ ಅರ್ಧ ಬಾಟ್ಲಿ ತಂಪುಪಾನೀಯ ಕುಡಿಸಿದರೆ ಗ್ಲೂಕೋಸ್ ಮತ್ತೆ ಏರಿ, ಎರಡು ಗಂಟೆಗೆ ಮತ್ತೆ ಬೀಳುತ್ತದೆ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಶಸ್ತ್ರಚಿಕಿತ್ಸೆಗೆ ಮುಂಚಿನ ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಅದೇ ಪ್ರಮಾಣದಲ್ಲಿ ಮುಂದುವರಿದಿದ್ದರೆ ಗ್ಲೂಕೋಸ್ ಬೀಳಲು ಅದೇ ಸಾಕು, ಡಂಪಿಂಗ್ ಬೇಕಾಗಿಲ್ಲ. ಮಾತ್ರೆಯ ಚೀಟಿ ನೋಡದೆ ಯಾವ ತೀರ್ಮಾನಕ್ಕೂ ಬರಬೇಡಿ.

ವೈದ್ಯರು ಇದನ್ನು ಖಚಿತಪಡಿಸಿಕೊಳ್ಳುವುದು ಬಹುಮಟ್ಟಿಗೆ ಕೇಳಿ ತಿಳಿದೇ. ನಾರ್ವೆಯ ಸಿಗ್‌ಸ್ಟಾಡ್ 1970ರಲ್ಲಿ ರೂಪಿಸಿದ ಅಂಕಪಟ್ಟಿ ಇಂದಿಗೂ ಬಳಕೆಯಲ್ಲಿದೆ. ಮಲಗಬೇಕೆನಿಸಿದರೆ 4, ಎದೆಬಡಿತಕ್ಕೆ 3, ತಲೆಸುತ್ತಿಗೆ 2, ಹೀಗೆ ಕೂಡುತ್ತ ಹೋಗಿ ಮೊತ್ತ 7 ದಾಟಿದರೆ ಡಂಪಿಂಗ್ ಎಂಬ ಅನುಮಾನ ಬಲ. ಆ ಪಟ್ಟಿಯಲ್ಲಿ ವಾಂತಿಯಾದರೆ 4 ಅಂಕ ಕಳೆಯುತ್ತಾರೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಅನುಮಾನ ಉಳಿದರೆ ರಾತ್ರಿ ಉಪವಾಸವಿದ್ದು ಬೆಳಿಗ್ಗೆ 50 ಅಥವಾ 75 ಗ್ರಾಂ ಗ್ಲೂಕೋಸ್ ಕುಡಿಸಿ, ಮೂರು ಗಂಟೆಯವರೆಗೆ ಪ್ರತಿ ಅರ್ಧ ಗಂಟೆಗೆ ನಾಡಿ, ಬಿಪಿ, ಗ್ಲೂಕೋಸ್, ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ನೋಡುತ್ತಾರೆ. ಅರ್ಧ ಗಂಟೆಗೆ ನಾಡಿ ನಿಮಿಷಕ್ಕೆ 10 ಬಡಿತಕ್ಕಿಂತ ಹೆಚ್ಚು ಏರಿದರೆ ಅಥವಾ ಹೆಮಟೋಕ್ರಿಟ್ 3 ಶೇಕಡಾಕ್ಕಿಂತ ಹೆಚ್ಚು ಏರಿದರೆ ಬೇಗ ಬರುವ ಡಂಪಿಂಗ್. ಒಂದರಿಂದ ಮೂರು ಗಂಟೆಯೊಳಗೆ ಗ್ಲೂಕೋಸ್ 50ಕ್ಕಿಂತ ಕೆಳಗಿಳಿದರೆ ತಡವಾಗಿ ಬರುವುದು. ಪರೀಕ್ಷೆಯೇ ಡಂಪಿಂಗ್ ತರಿಸುವುದರಿಂದ ಇದನ್ನು ಆಸ್ಪತ್ರೆಯಲ್ಲೇ ಮಾಡಬೇಕು. ಗರ್ಭಿಣಿಯರಿಗೆ ಸಕ್ಕರೆ ಕಾಯಿಲೆ ನೋಡಲು 75 ಗ್ರಾಂ ಗ್ಲೂಕೋಸ್ ಕುಡಿಸುವ ಪದ್ಧತಿ ಎಲ್ಲ ಕಡೆ ಇದೆ. ಬೈಪಾಸ್ ಆದವರು ಅದಕ್ಕೆ ಮೊದಲೇ ಹೇಳಿಬಿಡಬೇಕು. ಅವರಿಗೆ ಒಂದು ವಾರ ಮನೆಯಲ್ಲಿ ಊಟದ ಮುಂಚೆ, ನಂತರ ಗ್ಲೂಕೋಮೀಟರ್‌ನಲ್ಲಿ ಬರೆದಿಟ್ಟುಕೊಳ್ಳುವ ಬದಲಿ ದಾರಿ ಇದೆ.

ಚಿಕಿತ್ಸೆಯಲ್ಲಿ ಮುಕ್ಕಾಲು ಪಾಲು ಊಟದ್ದು. ಮೂರು ಹೊತ್ತಿನ ಊಟವನ್ನು ಆರು ಮಾಡಿ, ತುತ್ತನ್ನು ಚೆನ್ನಾಗಿ ಅಗಿದು, ಊಟದ ನಡುವೆ ನೀರು ಕುಡಿಯದೆ, ಮುಗಿದು ಅರ್ಧ ಗಂಟೆಯಾದ ಮೇಲೆ ಗುಟುಕರಿಸಬೇಕು. ನೀರು, ಮಜ್ಜಿಗೆ, ತಂಬುಳಿ, ಅಪ್ಪೆಹುಳಿ ಎಲ್ಲಕ್ಕೂ ಇದೇ ನಿಯಮ. ಊಟದ ಕೊನೆಗೆ ತಂಬುಳಿ ಕುಡಿಯುವ ರೂಢಿ ಬಿಡುವುದು ಮಲೆನಾಡಿನವರಿಗೆ ಕಷ್ಟ, ಗೊತ್ತು. ಅದನ್ನು ಎರಡು ಊಟಗಳ ನಡುವಿನ ಪಾನೀಯ ಮಾಡಿಕೊಳ್ಳಬಹುದು. ತಟ್ಟೆಯಲ್ಲಿ ಮೊದಲು ಪ್ರೋಟೀನ್, ಆಮೇಲೆ ಪಲ್ಯ, ಕೊನೆಗೆ ಎರಡು ಮೂರು ಚಮಚ ಅನ್ನ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಕಾರವಾರ, ಕುಮಟೆಯವರಿಗೆ ಬಂಗಡೆ, ಬೂತಾಯಿ ಕೈಗೆಟಕುವ ದಾರಿ, ಕರಿಯದೆ ಬೇಯಿಸಿದ್ದಾದರೆ ಒಳ್ಳೆಯದು. ಮೀನು ತಿನ್ನದವರು ಹೆಸರುಕಾಳು, ಪನೀರ್, ಗಟ್ಟಿ ಮೊಸರು, ಸೋಯಾ ಸೇರಿಸಿಕೊಂಡು ಲೆಕ್ಕ ಹಾಕಬೇಕು, ಬರೀ ಸಾರು ಅನ್ನದಲ್ಲಿ ಆ ಲೆಕ್ಕ ಮುಟ್ಟುವುದಿಲ್ಲ.

ಕೆಲವು ವಾರ ಹೀಗೆ ನಡೆದೂ ತಡವಾಗಿ ಬರುವ ಡಂಪಿಂಗ್ ನಿಲ್ಲದಿದ್ದರೆ ಅಕಾರ್ಬೋಸ್ ಮಾತ್ರೆ, 50ರಿಂದ 100 ಮಿಲಿಗ್ರಾಂ, ಊಟದ ಜೊತೆ ದಿನಕ್ಕೆ ಮೂರು ಬಾರಿ. ಅದು ಪಿಷ್ಟ ಒಡೆಯುವುದನ್ನು ನಿಧಾನ ಮಾಡುತ್ತದೆ. ಹೊಟ್ಟೆಯಲ್ಲಿ ವಾಯು ತುಂಬುತ್ತದೆ ಎಂದು ಹಲವರು ಬಿಟ್ಟುಬಿಡುತ್ತಾರೆ. ಚವಳಿಕಾಯಿ ಬೀಜದಿಂದ ತೆಗೆಯುವ ಗ್ವಾರ್ ಗಮ್ ಆಹಾರವನ್ನು ಮಂದ ಮಾಡಿ ಸಹಾಯ ಮಾಡುತ್ತದೆ, ಆದರೆ ವೈದ್ಯರು ಹೇಳಿದ ಪ್ರಮಾಣ ಮೀರಿದರೆ ಕಿರಿದಾದ ದಾರಿಯಲ್ಲಿ ಅಂಟಿಕೊಳ್ಳಬಹುದು. ಅದಕ್ಕೂ ಬಗ್ಗದಿದ್ದರೆ ಆಕ್ಟ್ರಿಯೋಟೈಡ್ ಚುಚ್ಚುಮದ್ದು. ಮತ್ತೆ ಶಸ್ತ್ರಚಿಕಿತ್ಸೆ ತೀರ ಕೊನೆಯ ಮಾತು.

ಈಗ ಡಂಪಿಂಗ್ ಅಲ್ಲದ್ದು. ಬೈಪಾಸ್ ಮಾಡುವಾಗ ಕರುಳಿನ ಪೊರೆಯಲ್ಲಿ ಸಂದುಗಳು ಉಂಟಾಗುತ್ತವೆ. ತೂಕ ಇಳಿದಂತೆ ಅಲ್ಲಿನ ಕೊಬ್ಬು ಕರಗಿ ಸಂದು ದೊಡ್ಡದಾಗುತ್ತದೆ, ತಿಂಗಳು ವರ್ಷಗಳ ಮೇಲೆ ಕರುಳು ಅದರೊಳಗೆ ನುಗ್ಗಿ ತಿರುಚಿಕೊಳ್ಳಬಹುದು. ಇದು ಒಳ ಹರ್ನಿಯಾ. ಇದೂ ಊಟದ ನಂತರವೇ ಬರಬಹುದು, ಅಲೆ ಅಲೆಯಾಗಿ, ಬೆನ್ನಿಗೆ ಹರಿಯುವ ನೋವಾಗಿ; ಕೆಲವೊಮ್ಮೆ ತಾನೇ ಬಿಟ್ಟುಕೊಟ್ಟು ಮತ್ತೆ ಬರುತ್ತದೆ. ಅದಕ್ಕೇ ಡಂಪಿಂಗ್ ಎಂದು ಸುಮ್ಮನಿರುವುದು. ವಾಂತಿ ಇದ್ದರೆ ಸಿಗ್‌ಸ್ಟಾಡ್ ಅಂಕ ಕಳೆದದ್ದನ್ನು ನೆನಪಿಸಿಕೊಳ್ಳಿ. ನಮ್ಮಲ್ಲಿ ಹಳದಿ ಹಸಿರು ವಾಂತಿಯಾದರೆ ‘ಪಿತ್ತ ಹೋಯಿತು, ಹಗುರಾಯಿತು’ ಎನ್ನುವವರಿದ್ದಾರೆ. ರೂ-ಎನ್-ವೈ ಆದವರ ಸಣ್ಣ ಚೀಲಕ್ಕೆ ಪಿತ್ತರಸ ಬರುವ ದಾರಿಯೇ ಇರುವುದಿಲ್ಲ; ಅವರಿಗೆ ಪಿತ್ತದ ವಾಂತಿಯಾದರೆ ಕೆಳಗೆ ಕರುಳು ಕಟ್ಟಿಕೊಂಡು ಹಿಂದಕ್ಕೆ ಒತ್ತುತ್ತಿದೆ ಎಂದು ತಿಳಿಯಬೇಕು. ಸಿಟಿ ಸ್ಕ್ಯಾನ್ ಬೇಕು. ಸ್ಕ್ಯಾನ್ ಸರಿಯಿದೆ ಎಂದು ಬಂದರೂ ನೋವು ನಿಲ್ಲದಿದ್ದರೆ ಹೊಟ್ಟೆಯೊಳಗೆ ದರ್ಶಕ (ಲ್ಯಾಪರೊಸ್ಕೋಪ್) ಹಾಕಿ ನೋಡಲೇಬೇಕು, ಏಕೆಂದರೆ ಸ್ಕ್ಯಾನ್ ಇದನ್ನು ಬಿಟ್ಟುಬಿಡುವುದುಂಟು. ತಡವಾದರೆ ಕರುಳೇ ಸಾಯುತ್ತದೆ.

ಶಸ್ತ್ರಚಿಕಿತ್ಸೆಯಾದ ಮೊದಲ ವಾರಗಳಲ್ಲಿ ಸುಮ್ಮನೆ ಮಲಗಿದ್ದಾಗಲೂ ನಾಡಿ 120 ದಾಟಿದರೆ, ಜ್ವರ ಇರಲಿ ಇಲ್ಲದಿರಲಿ, ಹೊಲಿಗೆ ಸೋರುತ್ತಿದೆ ಎಂದೇ ಹಿಡಿದು ನಡೆಯಬೇಕು. ಒಂದೆರಡು ತಿಂಗಳಲ್ಲಿ ಗಟ್ಟಿ ಆಹಾರ ಇಳಿಯದೆ ವಾಂತಿಯಾಗುತ್ತಿದ್ದರೆ ಜೋಡಣೆಯ ಬಾಯಿ ಕಿರಿದಾಗಿರಬಹುದು, ಅದನ್ನು ಎಂಡೋಸ್ಕೋಪಿಯಲ್ಲಿ ಬಲೂನಿನಿಂದ ಹಿಗ್ಗಿಸುತ್ತಾರೆ. ಮೇಲ್ಹೊಟ್ಟೆ ಉರಿ, ಕಪ್ಪು ಮಲ ಇದ್ದರೆ ಜೋಡಣೆಯ ಹತ್ತಿರದ ಹುಣ್ಣು. ಬೀಡಿ ಸಿಗರೇಟು, ಮೈಕೈ ನೋವಿಗೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಇದಕ್ಕೆ ದೊಡ್ಡ ಕಾರಣಗಳು.

ಬಾಟ್ಲಿ ಹಾಕಿಸಿಕೊಳ್ಳುವ ಬಗ್ಗೆ ಒಂದು ಮಾತು. ನಿತ್ರಾಣಕ್ಕೆ ಗ್ಲೂಕೋಸ್ ಬಾಟ್ಲಿ ಎಂಬುದು ಎಲ್ಲ ಊರಿನ ನಂಬಿಕೆ. ಕೆಲವು ವಾರದಿಂದ ವಾಂತಿ ಮಾಡುತ್ತಿರುವ ಶಸ್ತ್ರಚಿಕಿತ್ಸೆಯ ರೋಗಿಯ ಮೈಯಲ್ಲಿ ವಿಟಮಿನ್ ಬಿ1, ಅಂದರೆ ಥಯಾಮಿನ್, ಬರಿದಾಗಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಹರಿಸಿದರೆ ಮಿದುಳಿಗೆ ಪೆಟ್ಟಾಗಬಹುದು: ಒಂದು ವಸ್ತು ಎರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು, ಮಾತು ಗೊಂದಲವಾಗುವುದು. ಮೊದಲು ಥಯಾಮಿನ್ ಚುಚ್ಚುಮದ್ದು, ಆಮೇಲೆ ಗ್ಲೂಕೋಸ್. ಇದನ್ನು ಕೇಳಲು ರೋಗಿಯ ಕಡೆಯವರು ಹಿಂಜರಿಯಬಾರದು.

ಮನೆಯಲ್ಲಿ ಡಿಸ್ಚಾರ್ಜ್ ಕಾಗದದ ಎರಡು ಪ್ರತಿ ಇರಲಿ: ಯಾವ ಬಗೆಯ ಶಸ್ತ್ರಚಿಕಿತ್ಸೆ, ಯಾವ ದಿನ, ಕರುಳಿನ ಎಷ್ಟು ಉದ್ದ ಬದಿಗಿಟ್ಟಿದ್ದಾರೆ, ಪೊರೆಯ ಸಂದುಗಳನ್ನು ಹೊಲಿದಿದ್ದಾರೋ ಇಲ್ಲವೋ ಎಂಬುದು ಅದರಲ್ಲಿರಬೇಕು, ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್, ಮಳೆಗಾಲದಲ್ಲಿ ಕುಮಟೆ-ಶಿರಸಿ ದಾರಿಯ ದೇವಿಮನೆ ಘಟ್ಟ ಕುಸಿದು ಬಂದ್ ಆಗುವುದೂ ಉಂಟು. ನೋವು ಎರಡು ಗಂಟೆಗೂ ಇಳಿಯದಿದ್ದರೆ ಬೆಳಗಾಗಲಿ ಎಂದು ಕಾಯದೆ, ಸಿಟಿ ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆಗೆ ಹೊರಡಿ, ಹೊರಡುವಾಗಲೇ ಶಸ್ತ್ರಚಿಕಿತ್ಸೆ ಮಾಡಿದವರಿಗೆ ಫೋನ್ ಮಾಡಿ.